ಅಂಕಿ ಇದ್ದರೆ ಕೋಟಿ, ಇಲ್ಲದಿದ್ದರೆ ಸಾವಿರ

ಪ್ರಶ್ನೆ: ಇಪ್ಪತ್ತು ವರ್ಷದಿಂದ ಹವ್ಯಾಸಕ್ಕೆಂದು ನಾಣ್ಯ ಕೂಡಿಡುತ್ತಿದ್ದೇನೆ. ನನ್ನ ಬಳಿ ಇರುವುದು ಹೆಚ್ಚಾಗಿ ಮೈಸೂರು ಒಡೆಯರ ಕಾಲದ ಕಾಸುಗಳು, ಬ್ರಿಟಿಷರ ಕಾಲದ ಆಣೆಗಳು. ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮಗ ಅಲ್ಲಿನ ಒಂದು ನಾಣ್ಯಮೇಳದಲ್ಲಿ ತಾಮ್ರದ ನಾಣ್ಯವೊಂದನ್ನು ನೋಡಿ ಫೋಟೊ ಕಳಿಸಿದ್ದಾನೆ. ಒಂದು ಮುಖದಲ್ಲಿ ಕಣ್ಣು, ಸುತ್ತ ಕಿರಣ, ನಕ್ಷತ್ರ, 'ನೋವಾ ಕಾನ್‌ಸ್ಟೆಲ್ಲೇಷಿಯೊ' ಎಂಬ ಬರಹ. ಇನ್ನೊಂದು ಮುಖದಲ್ಲಿ ಎಲೆಯ ಹಾರದೊಳಗೆ 'ಯು.ಎಸ್.', ಇಸವಿ 1783. ಬೆಲೆ 400 ಡಾಲರ್ ಅಂತೆ. ಇದೇ ಹೆಸರಿನದು ಅಮೆರಿಕದ ಮೊಟ್ಟಮೊದಲ ದಶಮಾಂಶ ನಾಣ್ಯ, ಕೋಟಿಗಟ್ಟಲೆ ಬಾಳುತ್ತದೆ ಎಂದು ಎಲ್ಲೋ ಓದಿದ ನೆನಪು. ಮಾರುವವನಿಗೆ ಗೊತ್ತಿಲ್ಲವೋ, ನನಗೇ ಗೊತ್ತಿಲ್ಲವೋ? ಕೊಳ್ಳು ಎಂದು ಹೇಳಲೇ?
ಓದುಗರು, ದಾವಣಗೆರೆ

ಉತ್ತರ: ಮಾರುವವನಿಗೆ ಚೆನ್ನಾಗಿಯೇ ಗೊತ್ತಿದೆ. ಗೊತ್ತಿರುವುದರಿಂದಲೇ 400 ಡಾಲರ್ ಕೇಳುತ್ತಿದ್ದಾನೆ. ಹಾಗೆಂದು ನೀವು ಓದಿದ್ದೂ ಸುಳ್ಳಲ್ಲ. ಒಂದೇ ಹೆಸರು, ಒಂದೇ ಚಿತ್ರ, ಒಂದೇ ಇಸವಿ ಹೊತ್ತ ಎರಡು ಬೇರೆ ಬೇರೆ ನಾಣ್ಯಗಳಿವೆ. ಒಂದು ಇಂಗ್ಲೆಂಡಿನಲ್ಲಿ ರಾಶಿಗಟ್ಟಲೆ ಅಚ್ಚಾಗಿ ಹಡಗು ಹತ್ತಿ ಬಂದ ತಾಮ್ರದ ಚಿಲ್ಲರೆ. ಇನ್ನೊಂದು 1783ರ ವಸಂತದಲ್ಲಿ ಫಿಲಡೆಲ್ಫಿಯಾದಲ್ಲಿ ಒಂದು ಹೊಸ ಲೆಕ್ಕ ಹೇಗೆ ಕಾಣುತ್ತದೆಂದು ತೋರಿಸಲು ಟಂಕಿಸಿದ ಮಾದರಿ. ಈ ಎರಡನೆಯದರಲ್ಲಿ ಈವರೆಗೆ ಸಿಕ್ಕವನ್ನೆಲ್ಲ ಒಟ್ಟುಹಾಕಿದರೂ ಹತ್ತನ್ನು ಮುಟ್ಟುವುದಿಲ್ಲ.

ಬೇರ್ಪಡಿಸುವುದು ಸುಲಭ. ಹಿಮ್ಮುಖದ ಹಾರದೊಳಗೆ 'ಯು.ಎಸ್.' ಜೊತೆಗೆ ಅಂಕಿ ಇದೆಯೇ ನೋಡಿ. ಮಾದರಿ ನಾಣ್ಯಗಳಲ್ಲಿ 1000, 500, 100 ಅಥವಾ 5 ಎಂಬ ಮೌಲ್ಯ ಇರುತ್ತದೆ. ಮೊದಲ ಮೂರು ಬೆಳ್ಳಿಯವು, ಕೊನೆಯದು ತಾಮ್ರದ್ದು. ನೀವು ಕಳಿಸಿದ ಫೋಟೊದಲ್ಲಿ ಹಾರದ ನಡುವೆ ಎರಡು ಅಕ್ಷರಗಳಷ್ಟೇ ಇವೆ, ಅಂಕಿ ಇಲ್ಲ. ಅಂದರೆ ಅದು ಬರ್ಮಿಂಗ್‌ಹ್ಯಾಮಿನ ತಾಮ್ರ. ಇಷ್ಟಕ್ಕೇ ಉತ್ತರ ಮುಗಿಸಬಹುದಿತ್ತು. ಆದರೆ ಆ ಅಂಕಿ ಯಾಕೆ ಅಷ್ಟು ದುಬಾರಿ ಎನ್ನುವುದರ ಹಿಂದೆ ಒಂದು ಒಳ್ಳೆಯ ಗಣಿತದ ಕಥೆ ಇದೆ. ನಮ್ಮಲ್ಲಿ ನಾಣ್ಯ ಕೂಡಿಡುವವರು ಲೋಹ ನೋಡುತ್ತಾರೆ, ಇಸವಿ ನೋಡುತ್ತಾರೆ, ಲೆಕ್ಕ ನೋಡುವುದಿಲ್ಲ. ಇದು ಲೆಕ್ಕ ನೋಡಬೇಕಾದ ನಾಣ್ಯ.

ಅಮೆರಿಕದ ಹದಿಮೂರು ರಾಜ್ಯಗಳು ಇಂಗ್ಲೆಂಡಿನೊಂದಿಗೆ ಕಾದು ಬಿಡಿಸಿಕೊಂಡ ಹೊತ್ತಿಗೆ ಅವುಗಳಿಗೆ ಸ್ವಂತದ್ದೆನ್ನುವ ನಾಣ್ಯವೇ ಇರಲಿಲ್ಲ. ಪೇಟೆಯಲ್ಲಿ ಓಡಾಡುತ್ತಿದ್ದದ್ದು ಸ್ಪೇನಿನ ಬೆಳ್ಳಿ ಡಾಲರ್. ಅಂಗಡಿಯ ಖಾತೆ ಪುಸ್ತಕದಲ್ಲಿ ಬರೆಯುತ್ತಿದ್ದದ್ದು ಪೌಂಡ್, ಶಿಲ್ಲಿಂಗ್, ಪೆನ್ಸ್. ಕೊಡುವುದು ಒಂದು, ಬರೆಯುವುದು ಇನ್ನೊಂದು. ಅದೂ ರಾಜ್ಯಕ್ಕೊಂದು ಲೆಕ್ಕ. ಅದೇ ಡಾಲರಿಗೆ ಜಾರ್ಜಿಯಾದಲ್ಲಿ 5 ಶಿಲ್ಲಿಂಗ್, ವರ್ಜೀನಿಯಾದಲ್ಲೂ ನ್ಯೂ ಇಂಗ್ಲೆಂಡಿನ ರಾಜ್ಯಗಳಲ್ಲೂ 6, ಪೆನ್ಸಿಲ್ವೇನಿಯಾದಲ್ಲಿ ಏಳೂವರೆ, ನ್ಯೂಯಾರ್ಕಿನಲ್ಲಿ 8. ದಕ್ಷಿಣ ಕ್ಯಾರೊಲಿನಾದಲ್ಲಿ ಮಾತ್ರ 32 ಶಿಲ್ಲಿಂಗ್ 6 ಪೆನ್ಸ್. ಫಿಲಡೆಲ್ಫಿಯಾದಲ್ಲಿ ಮೂಟೆ ಕೊಂಡು ನ್ಯೂಯಾರ್ಕಿನಲ್ಲಿ ಮಾರುವ ವ್ಯಾಪಾರಿಗೆ ಲಾಭವೋ ನಷ್ಟವೋ ಎಂದು ತಿಳಿಯಲು ಒಬ್ಬ ಶಾನುಭೋಗ ಬೇಕಿತ್ತು.

ಈ ಗೋಜಲು ಬಿಡಿಸಲು ಹೊರಟವರು ಇಬ್ಬರು ಮಾರಿಸ್‌ಗಳು. ರಾಬರ್ಟ್ ಮಾರಿಸ್ ಆಗ ಕಾಂಗ್ರೆಸ್ಸಿನ, ಅಂದರೆ ಆ ರಾಜ್ಯಗಳ ಪ್ರತಿನಿಧಿಗಳ ಸಭೆಯ, ಹಣಕಾಸು ಮೇಲ್ವಿಚಾರಕ. ಗವರ್ನರ್ ಮಾರಿಸ್ ಅವನ ಸಹಾಯಕ. ('ಗವರ್ನರ್' ಎನ್ನುವುದು ಹುದ್ದೆಯಲ್ಲ, ತಂದೆತಾಯಿ ಇಟ್ಟ ಹೆಸರು. ಇಬ್ಬರೂ ಸಂಬಂಧಿಕರೂ ಅಲ್ಲ.) 1782ರ ಜನವರಿಯಲ್ಲಿ ಇವರು ಕಾಂಗ್ರೆಸ್ಸಿಗೆ ಒಂದು ವರದಿ ಕೊಟ್ಟರು. ಯಾವ ರಾಜ್ಯದವನಿಗೂ ಒಂದು ಪೆನ್ನಿಯೂ ಲುಕ್ಸಾನಾಗದ ಹಾಗೆ ಎಲ್ಲರ ಹಣವನ್ನೂ ಒಂದೇ ಅಳತೆಗೆ ತರಬೇಕೆನ್ನುವುದು ಅವರ ಹಠ.

ಅವರು ಮಾಡಿದ್ದನ್ನು ನೀವು ಏಳನೇ ಕ್ಲಾಸಿನಲ್ಲಿ ಮಾಡಿದ್ದೀರಿ. ಒಂದು ಡಾಲರಿಗೆ ಜಾರ್ಜಿಯಾದಲ್ಲಿ 60 ಪೆನ್ಸ್, ವರ್ಜೀನಿಯಾದಲ್ಲಿ 72, ಪೆನ್ಸಿಲ್ವೇನಿಯಾದಲ್ಲಿ 90, ನ್ಯೂಯಾರ್ಕಿನಲ್ಲಿ 96. ಈ ನಾಲ್ಕರ ಲ.ಸಾ.ಅ. ಕಂಡುಹಿಡಿಯಿರಿ: 1440. ಡಾಲರನ್ನು 1440 ಚೂರು ಮಾಡಿ, ಒಂದು ಚೂರಿಗೆ 'ಯೂನಿಟ್' ಎಂದು ಹೆಸರಿಟ್ಟರೆ ಜಾರ್ಜಿಯಾದ ಪೆನ್ನಿ ಸರಿಯಾಗಿ 24 ಯೂನಿಟ್, ವರ್ಜೀನಿಯಾದ್ದು 20, ಪೆನ್ಸಿಲ್ವೇನಿಯಾದ್ದು 16, ನ್ಯೂಯಾರ್ಕಿನದು 15. ಎಲ್ಲೂ ಭಿನ್ನರಾಶಿ ಉಳಿಯುವುದಿಲ್ಲ. ದಕ್ಷಿಣ ಕ್ಯಾರೊಲಿನಾ ಒಂದು ಮಾತ್ರ ಹೊರಗುಳಿಯಿತು. ಅಲ್ಲಿ ಡಾಲರಿಗೆ 390 ಪೆನ್ಸ್, ಅದರಲ್ಲಿ 13 ಎಂಬ ಅಪವರ್ತನ ಅಡಗಿ ಕೂತಿದೆ. ಅದನ್ನೂ ಒಳಗೆ ಸೇರಿಸಬೇಕೆಂದರೆ ಡಾಲರನ್ನು 18,720 ಚೂರು ಮಾಡಬೇಕಿತ್ತು. ಅಲ್ಲಿಗೆ ಮಾರಿಸ್‌ಗಳೂ ಕೈಬಿಟ್ಟರು. ಆ ರಾಜ್ಯದ 13 ಪೆನ್ಸಿಗೆ 48 ಯೂನಿಟ್ ಎಂದುಕೊಳ್ಳಿ ಎಂದರು.

ಇಷ್ಟು ಸೂಕ್ಷ್ಮವಾದ ಚೂರಿನ ಮೇಲೆ ಅವರು ದಶಮಾಂಶದ ಮನೆ ಕಟ್ಟಿದರು. ಒಂದು ಯೂನಿಟ್ ಎಂದರೆ ಕಾಲು ಗ್ರೇನ್ ಬೆಳ್ಳಿ (ಗ್ರೇನ್ ಎಂಬುದು ಇಂಗ್ಲಿಷರ ಒಂದು ಸಣ್ಣ ತೂಕ). ನೂರು ಯೂನಿಟ್ಟಿನದು ಬಿಟ್, ಐನೂರರದು ಕ್ವಿಂಟ್, ಸಾವಿರದ್ದು ಮಾರ್ಕ್, ಮೂರೂ ಬೆಳ್ಳಿ. ಕೆಳಗೆ ತಾಮ್ರದಲ್ಲಿ 5 ಮತ್ತು 8 ಯೂನಿಟ್ಟಿನ ಎರಡು ನಾಣ್ಯ. ಹತ್ತರ ಲೆಕ್ಕದಲ್ಲಿ ಎಂಟು ಎಲ್ಲಿಂದ ಬಂತು ಎಂದು ಕೇಳುತ್ತೀರಿ. ಮೇಲಿನ ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ. ಪೆನ್ಸಿಲ್ವೇನಿಯಾದ ಪೆನ್ನಿ ಎರಡು ಎಂಟು, ಜಾರ್ಜಿಯಾದ್ದು ಮೂರು ಎಂಟು, ನ್ಯೂಯಾರ್ಕಿನದು ಮೂರು ಐದು, ವರ್ಜೀನಿಯಾದ್ದು ನಾಲ್ಕು ಐದು. ಹಳೆಯ ನಾಲ್ಕು ಪೆನ್ನಿಗಳನ್ನು ಎರಡೇ ಹೊಸ ತಾಮ್ರದಿಂದ ತೀರಿಸಬಹುದು. ಕಾಗದದ ಮೇಲೆ ಇದಕ್ಕಿಂತ ಅಚ್ಚುಕಟ್ಟಾದ ಪರಿವರ್ತನೆ ಯೋಜನೆಯನ್ನು ನಾನು ಬೇರೆ ಯಾವ ದೇಶದಲ್ಲೂ ಕಂಡಿಲ್ಲ.

ಕಾಗದದ ಮೇಲಿನದನ್ನು ಕಾಂಗ್ರೆಸ್ಸಿನ ಸದಸ್ಯರ ಅಂಗೈಗೆ ಇಳಿಸಬೇಕಲ್ಲ, ಅದಕ್ಕೇ ಮಾದರಿ ನಾಣ್ಯ ಬೇಕಾದದ್ದು. ಸಂಗ್ರಾಹಕರು ಇಂಥವನ್ನು 'ಪ್ಯಾಟರ್ನ್' ಎನ್ನುತ್ತಾರೆ. ಬೆಂಜಮಿನ್ ಡಡ್ಲಿ ಎಂಬ ಇಂಗ್ಲಿಷ್ ಕುಶಲಕರ್ಮಿಗೆ ಕೆಲಸ ಒಪ್ಪಿಸಲಾಯಿತು. ಡುಬೋಯಿ ಎಂಬವನಿಗೆ ನಾಲ್ಕು ಜೊತೆ ಅಚ್ಚು ಮಾಡಿಕೊಟ್ಟದ್ದಕ್ಕೆ ಹಣ ಕೊಟ್ಟ ದಾಖಲೆ ಉಳಿದಿದೆ. 1783ರ ಏಪ್ರಿಲ್ 2ರಂದು ರಾಬರ್ಟ್ ಮಾರಿಸ್ ತನ್ನ ದಿನಚರಿಯಲ್ಲಿ, ಡಡ್ಲಿಯನ್ನು ಕರೆಸಿದೆ, ಅವನು ಒಂದು ಬೆಳ್ಳಿ ನಾಣ್ಯ ತಂದುಕೊಟ್ಟ, ಅಮೆರಿಕದ ನಾಣ್ಯವೆಂದು ಟಂಕಿತವಾದದ್ದರಲ್ಲಿ ಇದೇ ಮೊದಲು ಎಂಬರ್ಥದ ಮಾತು ಬರೆದ. ಅದೇ ತಿಂಗಳಲ್ಲಿ ಮಾದರಿಗಳು ಕಾಂಗ್ರೆಸ್ಸಿಗೆ ಹೋದವು.

ಮುಮ್ಮುಖದ ಕಣ್ಣು, ಕಿರಣ, ಹದಿಮೂರು ನಕ್ಷತ್ರಗಳ ಬಗ್ಗೆ ಅಂತರ್ಜಾಲದಲ್ಲಿ ಗುಪ್ತಸಂಘ, ಮಂತ್ರ, ತಂತ್ರ ಎಂದೆಲ್ಲ ಓದುತ್ತೀರಿ. ಮೂಲ ಸರಳವಾದದ್ದು. 1777ರಲ್ಲಿ ಧ್ವಜದ ಬಗ್ಗೆ ಕಾಂಗ್ರೆಸ್ ಮಾಡಿದ ನಿರ್ಣಯದಲ್ಲಿ, ಹದಿಮೂರು ನಕ್ಷತ್ರಗಳು ಒಂದು ಹೊಸ ತಾರಾಪುಂಜವನ್ನು ಸೂಚಿಸಲಿ ಎಂದಿದೆ. 'ನೋವಾ ಕಾನ್‌ಸ್ಟೆಲ್ಲೇಷಿಯೊ' ಎಂದರೆ ಲ್ಯಾಟಿನ್ನಿನಲ್ಲಿ ಹೊಸ ತಾರಾಪುಂಜ ಎಂದೇ ಅರ್ಥ. ಹಿಮ್ಮುಖದಲ್ಲಿ ಸ್ವಾತಂತ್ರ್ಯ, ನ್ಯಾಯ ಎಂಬ ಅರ್ಥದ ಲ್ಯಾಟಿನ್ ಪದಗಳು, ಇಸವಿ, ಹಾರ, ಹಾರದೊಳಗೆ ನಾನು ಹೇಳಿದ ಅಂಕಿ.

ಇವುಗಳಲ್ಲಿ ಮಾರ್ಕ್ ಇಂದು ಒಂದೇ ಒಂದು ಇದೆ. ಕ್ವಿಂಟ್ ಎರಡು ಇವೆ, ಎರಡೂ ಎರಡು ಬಗೆಯವು. ಒಂದರಲ್ಲಿ ಲ್ಯಾಟಿನ್ ಬರಹ ಇದೆ, ಇನ್ನೊಂದರ ಮುಮ್ಮುಖದಲ್ಲಿ ಬರೀ ಕಣ್ಣು, ಕಿರಣ, ನಕ್ಷತ್ರ. ಈ ಬರಹವಿಲ್ಲದ ಕ್ವಿಂಟೇ ಏಪ್ರಿಲ್ 2ರಂದು ಡಡ್ಲಿ ತಂದುಕೊಟ್ಟ ನಾಣ್ಯ ಎಂದು ಇತ್ತೀಚೆಗೆ ವಾದ ಎದ್ದಿದೆ. ನನಗೂ ಆ ವಾದ ಹಿಡಿಸುತ್ತದೆ, ಬರಹ ಸೇರಿಸಿದ್ದು ಆಮೇಲಿನ ತಿದ್ದುಪಡಿ ಎಂದುಕೊಂಡರೆ ಕೆಲಸದ ಕ್ರಮ ಸರಿಹೊಂದುತ್ತದೆ. ಬಿಟ್ ಮಾತ್ರ ಒಂದಕ್ಕಿಂತ ಹೆಚ್ಚು ಸಿಕ್ಕಿವೆ. ಐದರ ತಾಮ್ರ 1977ರಲ್ಲಷ್ಟೇ ಬೆಳಕಿಗೆ ಬಂತು, ಅದೂ ಅಮೆರಿಕದಲ್ಲಲ್ಲ, ಯುರೋಪಿನಲ್ಲಿ. ಮಾರ್ಕ್ ಮತ್ತು ಒಂದು ಕ್ವಿಂಟ್ ಉಳಿದುಬಂದ ಬಗೆ ನಮ್ಮ ಅಟ್ಟದ ಪೆಟ್ಟಿಗೆಗಳನ್ನು ನೆನಪಿಸುತ್ತದೆ. ಕಾಂಗ್ರೆಸ್ಸಿನ ಕಾರ್ಯದರ್ಶಿಯಾಗಿದ್ದ ಚಾರ್ಲ್ಸ್ ಥಾಮ್ಸನ್ನನ ಬರೆಯುವ ಮೇಜಿನ ಗುಪ್ತ ಖಾನೆಯಲ್ಲಿ ಅವು ಮಲಗಿದ್ದವೆಂದೂ, ಅವನು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ವಾರಸುದಾರರ ಕೈಗೆ ಸಿಕ್ಕವೆಂದೂ ಹೇಳುತ್ತಾರೆ. 1979ರ ಗ್ಯಾರೆಟ್ ಸಂಗ್ರಹದ ಹರಾಜಿನಲ್ಲಿ ಆ ಮಾರ್ಕ್ 1,90,000 ಡಾಲರಿಗೆ ಹೋಯಿತು. ಅದು 1979ರ ಡಾಲರ್ ಎಂಬುದನ್ನು ನೆನಪಿಡಿ.

ಇಷ್ಟು ಚೆಂದದ ಯೋಜನೆ ಬಿದ್ದದ್ದು ಹೇಗೆ? ಖಜಾನೆಯಲ್ಲಿ ಹಣವಿರಲಿಲ್ಲ ಎನ್ನುವುದು ಒಂದು ಕಾರಣ, ಟಂಕಸಾಲೆಯ ಕೆಲಸ 1783ರಲ್ಲೇ ನಿಂತುಹೋಯಿತು. ಆದರೆ ಯೋಜನೆಯ ಉಸಿರು ತೆಗೆದದ್ದು ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್. 1784ರಲ್ಲಿ ಅವನು ಬರೆದ ಟಿಪ್ಪಣಿಯಲ್ಲಿ ದೊಡ್ಡ ತತ್ತ್ವವೇನೂ ಇಲ್ಲ, ಸಂತೆಗೆ ಹೋಗಿ ಬಂದವನ ಮಾತು ಇದೆ. ಡಾಲರಿನ ಇಪ್ಪತ್ತನೇ ಒಂದು ಭಾಗಕ್ಕೆ ಸಿಗುವ ಒಂದು ರೊಟ್ಟಿಗೆ 72 ಯೂನಿಟ್ ಎನ್ನಬೇಕು. ಒಂದು ಪೌಂಡ್ ಬೆಣ್ಣೆಗೆ 288. ಎಂಬತ್ತು ಡಾಲರಿನ ಕುದುರೆಗೋ ಎತ್ತಿಗೋ 1,15,200. ಎತ್ತಿನ ವ್ಯಾಪಾರಕ್ಕೆ ಆರು ಅಂಕಿ ಬರೆಯುವ ರೈತ ಯಾವ ಊರಿನಲ್ಲಿದ್ದಾನೆ? ಜನರಿಗೆ ಡಾಲರ್ ಆಗಲೇ ಗೊತ್ತು, ಅದನ್ನೇ ಮೂಲಮಾನ ಮಾಡಿ, ಅದನ್ನು ಹತ್ತು ಮಾಡಿ, ನೂರು ಮಾಡಿ, ಸಾಕು ಎಂದ.

ಮಾರಿಸ್‌ಗಳ ಪದ್ಧತಿಯಲ್ಲಿ ಒಂದು ಸ್ಪ್ಯಾನಿಷ್ ಡಾಲರಿಗೆ ಚಿಲ್ಲರೆ ಕೇಳಿದವನಿಗೆ ಒಂದು ಮಾರ್ಕ್, ನಾಲ್ಕು ಬಿಟ್, ಐದರ ಎಂಟು ತಾಮ್ರ ಎಣಿಸಿಕೊಡಬೇಕಿತ್ತು. ಹಳೆಯ ಪೆನ್ನಿ ಇಟ್ಟುಕೊಂಡವನಿಗೆ ಅನುಕೂಲ, ಎಲ್ಲರ ಜೇಬಿನಲ್ಲೂ ಇದ್ದ ಡಾಲರಿಗೆ ಅನನುಕೂಲ. 1785ರ ಜುಲೈ 6ರಂದು ಕಾಂಗ್ರೆಸ್ ಡಾಲರನ್ನೇ ಮೂಲಮಾನವಾಗಿ ಒಪ್ಪಿತು, ಮರುವರ್ಷ ಆಗಸ್ಟಿನಲ್ಲಿ ಅದರ ಹತ್ತನೇ, ನೂರನೇ ಭಾಗಗಳಿಗೆ ಹೆಸರು ಕೊಟ್ಟಿತು. ಯುದ್ಧಕ್ಕೆ ಹಣ ಹೊಂದಿಸಿದ ರಾಬರ್ಟ್ ಮಾರಿಸ್ ಮುಂದೆ ಜಮೀನಿನ ವ್ಯವಹಾರದಲ್ಲಿ ಮುಳುಗಿ, ಅದೇ ಫಿಲಡೆಲ್ಫಿಯಾದ ಸಾಲಗಾರರ ಜೈಲಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ.

ನಾವು 1957ರ ಏಪ್ರಿಲ್ 1ರಂದು ಇದೇ ಹೊಳೆ ದಾಟಿದೆವು, ಬೇರೆ ದೋಣಿಯಲ್ಲಿ. ರೂಪಾಯಿಯನ್ನು ಮುಟ್ಟಲಿಲ್ಲ, ಕೆಳಗಿನ 16 ಆಣೆ, 64 ಪೈಸೆಯ ಜಾಗದಲ್ಲಿ 100 ನಯಾಪೈಸೆ ತಂದೆವು. ಒಂದಾಣೆಗೆ ಆರೂಕಾಲು ಬಂತು. ಕಾಲು ಪೈಸೆಯ ನಾಣ್ಯ ಮಾಡುವ ಗೋಜಿಗೆ ಹೋಗದೆ ಸರ್ಕಾರ ಒಂದು ಪಟ್ಟಿ ಕೊಟ್ಟುಬಿಟ್ಟಿತು: ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ನಾಲ್ಕು ಸಲ ಒಂದೊಂದಾಣೆಯ ಕಡಲೆಕಾಯಿ ಕೊಂಡರೆ 24 ಪೈಸೆ, ಒಟ್ಟಿಗೆ ಕೊಂಡರೆ 25. ಮಾರಿಸ್‌ಗಳು ತಪ್ಪಿಸಬೇಕೆಂದು 1440ರವರೆಗೆ ಹೋದದ್ದು ಈ ಒಂದು ಪೈಸೆಯ ಜಗಳವನ್ನೇ. ನಮ್ಮವರು ಜಗಳ ಆದರೆ ಆಗಲಿ ಎಂದರು. 1964ರಲ್ಲಿ 'ನಯಾ' ಬಿಟ್ಟುಹೋಯಿತು, ಎಂಟಾಣೆ ಎಂಬ ಮಾತು ಇನ್ನೂ ಬಿಟ್ಟಿಲ್ಲ. ಅಮೆರಿಕದವರೂ ಕಾಲು ಡಾಲರಿಗೆ 'ಎರಡು ಬಿಟ್' ಎನ್ನುವುದುಂಟು. ಅದು ಮಾರಿಸನ ಬಿಟ್ ಅಲ್ಲ, ಸ್ಪ್ಯಾನಿಷ್ ಡಾಲರಿನ ಎಂಟನೇ ಒಂದು ಭಾಗ.

ಇನ್ನು ನಿಮ್ಮ ಸೋದರಳಿಯ ನೋಡಿದ ತಾಮ್ರ. ಯೋಜನೆ ಸತ್ತರೂ ಅದರ ಚಿತ್ರ ಸಾಯಲಿಲ್ಲ. ಕಣ್ಣು, ಕಿರಣ, ನಕ್ಷತ್ರಗಳನ್ನು ಹಾಗೆಯೇ ಎತ್ತಿಕೊಂಡು ಬರ್ಮಿಂಗ್‌ಹ್ಯಾಮಿನಲ್ಲಿ ತಾಮ್ರದ ನಾಣ್ಯಗಳನ್ನು ಅಚ್ಚು ಹಾಕಿಸಿ ಅಮೆರಿಕಕ್ಕೆ ತರಿಸಲಾಯಿತು. ನ್ಯೂಯಾರ್ಕಿನ ವ್ಯಾಪಾರಿಗಳ ಆರ್ಡರ್ ಅದು, ಹಿಂದೆ ಗವರ್ನರ್ ಮಾರಿಸನ ಕೈ ಇತ್ತು ಎಂಬುದು ನಾಣ್ಯಶಾಸ್ತ್ರಜ್ಞರಲ್ಲಿ ಪ್ರಚಲಿತವಿರುವ ಅಭಿಪ್ರಾಯ. ಇವಕ್ಕೆ ಮುಖಬೆಲೆ ಇಲ್ಲ, ಸರ್ಕಾರದ ಅಪ್ಪಣೆಯೂ ಇಲ್ಲ. ಪೇಟೆ ಒಪ್ಪಿದಷ್ಟಕ್ಕೆ, ಹೆಚ್ಚಾಗಿ ಇಂಗ್ಲಿಷ್ ಅರ್ಧ ಪೆನ್ನಿಯ ಹಾಗೆ ನಡೆದವು. 1783 ಮತ್ತು 1785ರ ಇಸವಿಯವು ಸಾಮಾನ್ಯ. ಕೆಲವು ಅಚ್ಚುಗಳಲ್ಲಿ ಕಾನ್‌ಸ್ಟೆಲ್ಲೇಷಿಯೊ ಪದದ ಒಂದು 'ಎಲ್' ಬಿಟ್ಟುಹೋಗಿದೆ, ಲ್ಯಾಟಿನ್ ಬಾರದ ಕೆತ್ತನೆಗಾರನ ಕೈಚಳಕ. ಅದೇನೂ ವಿಶೇಷ ಅಪರೂಪವಲ್ಲ. 'ಸ್ಪೆಲಿಂಗ್ ತಪ್ಪಿರುವ ಅಪೂರ್ವ ನಾಣ್ಯ' ಎಂದು ಯಾರಾದರೂ ಹೆಚ್ಚು ಕೇಳಿದರೆ ನಕ್ಕು ಮುಂದೆ ಹೋಗಿ.

ಇದರ ಜೊತೆಗೆ ನೀವು ಕೇಳಿರಬಹುದಾದ ಇನ್ನೊಂದು ಗುಂಪನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ 'ಅಮೆರಿಕದ ಮೊದಲ ನಾಣ್ಯ' ಎಂಬ ಬಿರುದು ಅದಕ್ಕೂ ಇದೆ. 1792ರ ಏಪ್ರಿಲ್ 2ರಂದು, ಮಾರಿಸನ ದಿನಚರಿಗೆ ಸರಿಯಾಗಿ ಒಂಬತ್ತು ವರ್ಷದ ಮೇಲೆ, ಟಂಕಸಾಲೆಯ ಕಾಯಿದೆ ಬಂತು. ಈಗ ಡಾಲರ್, ಅದರ ಹತ್ತನೇ ಭಾಗ ಡಿಸ್ಮ್, ನೂರನೇ ಭಾಗ ಸೆಂಟ್. ಡಿಸ್ಮ್ ಎಂಬ ವಿಚಿತ್ರ ಕಾಗುಣಿತ ಫ್ರೆಂಚಿನಿಂದ ಬಂದದ್ದು. 1585ರಲ್ಲಿ ಸೈಮನ್ ಸ್ಟೆವಿನ್ ಎಂಬ ಫ್ಲೆಮಿಶ್ ಗಣಿತಜ್ಞ ದಶಮಾಂಶ ಭಿನ್ನರಾಶಿಯ ಬಗ್ಗೆ ಬರೆದ ಕಿರುಹೊತ್ತಗೆಯ ಫ್ರೆಂಚ್ ರೂಪದ ಹೆಸರೂ ಇದೇ. ನಾಣ್ಯವನ್ನೂ ಹತ್ತರ ಲೆಕ್ಕಕ್ಕೆ ತನ್ನಿ ಎಂದು ಅವನು ಆಗಲೇ ಹೇಳಿದ್ದ. ಕ್ರಮೇಣ ನಡುವಿನ 'ಎಸ್' ಉದುರಿ ಡೈಮ್ ಆಯಿತು. ಹೊಸ ಟಂಕಸಾಲೆಗೆ ನಿರ್ದೇಶಕನಾಗಿ ಬಂದದ್ದು ಖಗೋಳಶಾಸ್ತ್ರಜ್ಞ ಡೇವಿಡ್ ರಿಟನ್‌ಹೌಸ್. 1769ರಲ್ಲಿ ಶುಕ್ರಗ್ರಹ ಸೂರ್ಯನ ಮುಂದೆ ಹಾದುಹೋದದ್ದನ್ನು ವೀಕ್ಷಿಸಿ ಹೆಸರಾದವನು.

ಕಟ್ಟಡ ಏಳುವ ಮೊದಲೇ ನಾಣ್ಯ ಬಂತು. ಫಿಲಡೆಲ್ಫಿಯಾದಲ್ಲಿ ಗರಗಸ ಮಾಡುತ್ತಿದ್ದ ಜಾನ್ ಹಾರ್ಪರ್ ಎಂಬವನ ನೆಲಮಾಳಿಗೆಯಲ್ಲಿ ಯಂತ್ರ ಹೂಡಿ ಅರ್ಧ ಡಿಸ್ಮ್‌ಗಳನ್ನು ಟಂಕಿಸಿದರು. ಜೆಫರ್ಸನ್ 75 ಡಾಲರ್ ಕೊಟ್ಟು, 1792ರ ಜುಲೈ 13ರಂದು 1,500 ಅರ್ಧ ಡಿಸ್ಮ್ ಪಡೆದದ್ದನ್ನು ತನ್ನ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡ. ವಾಷಿಂಗ್ಟನ್ ತನ್ನ ಮನೆಯ ಬೆಳ್ಳಿ ಪಾತ್ರೆ ಕರಗಿಸಲು ಕೊಟ್ಟ ಎಂಬ ಕಥೆಗೆ ಇಂಥ ಲಿಖಿತ ಆಧಾರವಿಲ್ಲ. ಇದು ಮಾದರಿಯೋ, ಚಲಾವಣೆಯ ನಾಣ್ಯವೋ ಎಂದು ಸಂಗ್ರಾಹಕರು ನೂರು ವರ್ಷಕ್ಕೂ ಮೇಲೆ ಜಗಳವಾಡಿದ್ದಾರೆ. ನನ್ನ ಮಟ್ಟಿಗೆ ಉತ್ತರ ನಾಣ್ಯದ ಮೈಮೇಲೇ ಇದೆ. ಉಳಿದಿರುವ ಕೆಲವು ನೂರರಲ್ಲಿ ಬಹಳಷ್ಟು ಸವೆದಿವೆ. ತೋರಿಸಲು ಇಟ್ಟದ್ದು ಸವೆಯುವುದಿಲ್ಲ, ಕೈಯಿಂದ ಕೈಗೆ ಹೋದದ್ದು ಸವೆಯುತ್ತದೆ. ಅದೇ ವರ್ಷ ನವೆಂಬರಿನ ಭಾಷಣದಲ್ಲಿ ವಾಷಿಂಗ್ಟನ್ ಕೂಡ, ಅರ್ಧ ಡಿಸ್ಮ್‌ಗಳಿಂದ ಸಣ್ಣದೊಂದು ಆರಂಭವಾಗಿದೆ, ಚಿಲ್ಲರೆಯ ಅಭಾವ ಆ ಕಡೆ ಗಮನ ಸೆಳೆಯಿತು ಎಂಬ ಅರ್ಥದಲ್ಲಿ ಮಾತಾಡಿದ.

ನಿಜವಾದ ಪ್ರಯೋಗ ನಡೆದದ್ದು ಸೆಂಟ್‌ನಲ್ಲಿ. ನನಗೆ ಈ ಇಡೀ ಸರಣಿಯಲ್ಲಿ ಬಹಳ ಪ್ರಿಯವಾದದ್ದು ಇದೇ. ಕಾಯಿದೆಯ ಪ್ರಕಾರ ಒಂದು ಸೆಂಟ್‌ನಲ್ಲಿ ಒಂದು ಸೆಂಟಿನ ಬೆಲೆಯ ತಾಮ್ರ ಇರಬೇಕು: 264 ಗ್ರೇನ್, ಅಂದರೆ 17 ಗ್ರಾಂ. ಹತ್ತು ಸೆಂಟ್ ಜೇಬಿಗಿಳಿಸಿದರೆ ಅಂಗಿ ಒಂದು ಕಡೆ ಜೋತುಬೀಳುವ ಭಾರ. ಮುಖ್ಯ ಟಂಕಕಾರ ಹೆನ್ರಿ ವಾಯ್ಟ್ ಒಂದು ಉಪಾಯ ಹೂಡಿದ. ಕಾಲು ಸೆಂಟ್ ಬೆಲೆಯ ಸಣ್ಣ ತಾಮ್ರದ ಬಿಲ್ಲೆ ತೆಗೆದುಕೊಂಡು, ನಡುವೆ ತೂತು ಕೊರೆದು, ಅದರಲ್ಲಿ ಮುಕ್ಕಾಲು ಸೆಂಟ್ ಬೆಲೆಯ ಬೆಳ್ಳಿಯ ಬಿರಡೆ ಕೂರಿಸಿ, ಮೇಲಿಂದ ಅಚ್ಚು ಹೊಡೆಯುವುದು. ಆ ಹೊಡೆತಕ್ಕೆ ಬಿರಡೆ ಚಪ್ಪಟೆಯಾಗಿ ತಾಮ್ರಕ್ಕೆ ಕಚ್ಚಿಕೊಳ್ಳುತ್ತದೆ. ಬೆಳ್ಳಿ ಕಾಲು ಗ್ರಾಂ ಕೂಡ ಇಲ್ಲ, ಆದರೂ ಬೆಲೆ ಪೂರ್ತಿ. ನಾಣ್ಯ ಹೆಚ್ಚುಕಡಿಮೆ ನಮ್ಮ ಹಳೆಯ ಎಂಟಾಣೆಯಷ್ಟು ಅಗಲ.

1792ರ ಡಿಸೆಂಬರ್ 18ರಂದು ಜೆಫರ್ಸನ್ ಇದನ್ನು ವಾಷಿಂಗ್ಟನ್ನನಿಗೆ ಪತ್ರದಲ್ಲಿ ವಿವರಿಸಿದ್ದಾನೆ. ಬಿರಡೆಯದ್ದು ಒಂದು ಬಗೆ. ಅಷ್ಟೇ ಬೆಳ್ಳಿಯನ್ನು ತಾಮ್ರದೊಂದಿಗೆ ಕರಗಿಸಿ ಬೆರೆಸಿದ್ದು ಎರಡನೆಯದು. ಹೋಲಿಸಿ ನೋಡಲು ಅದೇ ಗಾತ್ರದ ಬರೀ ತಾಮ್ರದ್ದು ಮೂರನೆಯದು. ಕೊನೆಗೆ, ಕಾಯಿದೆ ಹೇಳಿದ ನಾಲ್ಕು ಪಟ್ಟು ದೊಡ್ಡ ಅಸಲಿ ಸೆಂಟ್. ಬೆರೆಸಿದ್ದರ ತೊಂದರೆ ನಮ್ಮ ಚಿನಿವಾರರಿಗೆ ಹೇಳಿಕೊಡಬೇಕಿಲ್ಲ. ನೋಡುವವನಿಗೆ ಅದರಲ್ಲಿ ಬೆಳ್ಳಿ ಇದೆಯೋ ಇಲ್ಲವೋ ತಿಳಿಯುವುದಿಲ್ಲ, ಖೋಟಾ ಮಾಡುವವನಿಗೆ ಹಬ್ಬ. ಇಂದೂ ಬಿರಡೆಯಿಲ್ಲದ ನಾಣ್ಯಗಳನ್ನು ಕ್ಷ-ಕಿರಣದಿಂದ ಲೋಹ ಪರೀಕ್ಷೆ ಮಾಡಿಯೇ ಎರಡನೆಯದೋ ಮೂರನೆಯದೋ ಎಂದು ತೀರ್ಮಾನಿಸಬೇಕು. ಬಿರಡೆಯದ್ದು ಜಾಣ ಉಪಾಯ, ಆದರೆ ಲಕ್ಷಗಟ್ಟಲೆ ಬಿಲ್ಲೆಗೆ ತೂತು ಕೊರೆದು ಬಿರಡೆ ಕೂರಿಸುತ್ತ ಕೂರುವವರು ಯಾರು? 1793ರ ಜನವರಿಯಲ್ಲಿ ಕಾಂಗ್ರೆಸ್ ಸೆಂಟ್‌ನ ತೂಕವನ್ನೇ 208 ಗ್ರೇನ್‌ಗೆ ಇಳಿಸಿ ಕೈತೊಳೆದುಕೊಂಡಿತು. ಬೆಳ್ಳಿ ಬಿರಡೆಯ ಸೆಂಟ್ ಈಗ ಹದಿನಾಲ್ಕರ ಆಸುಪಾಸಿನಲ್ಲಿ ಉಳಿದಿವೆ, ಒಳ್ಳೆಯವು ಹರಾಜಿನಲ್ಲಿ ಹತ್ತು ಲಕ್ಷ ಡಾಲರ್ ದಾಟಿವೆ.

1792ರದೇ ಆದ ಬರ್ಚ್ ಸೆಂಟ್ ಎಂಬ ದೊಡ್ಡ ಮಾದರಿಯ ಒಂದು ಬಿಳಿಲೋಹದ ಪ್ರತಿಯಲ್ಲಿ, ಹಾರದ ಕೆಳಗೆ 'ಜಾರ್ಜ್ ವಾಷಿಂಗ್ಟನ್ ಪ್ರೆಸಿಡೆಂಟ್' ಎಂಬುದರ ಮೊದಲಕ್ಷರಗಳಿವೆ. ನಾಣ್ಯದ ಮೇಲೆ ಅಧ್ಯಕ್ಷನ ಮುಖ ಇರಲಿ ಎಂದು ಸೆನೆಟ್ ಬಯಸಿತ್ತು. ಕೆಳಮನೆ, ಇದು ರಾಜರ ಚಾಳಿ ಎಂದು ತಳ್ಳಿಹಾಕಿ ಸ್ವಾತಂತ್ರ್ಯದೇವಿಯ ಮುಖ ತಂದಿತು. ಆ ತಗಾದೆಯ ಸಾಕ್ಷಿಯಾಗಿ ಉಳಿದದ್ದು ಆ ಒಂದು ನಾಣ್ಯ.

ಈಗ ಕೊಳ್ಳುವ ಮಾತು. ಅಸಲಿಯಾಗಿದ್ದು, ಕಣ್ಣು ಮತ್ತು ಬರಹ ಚೆನ್ನಾಗಿ ಕಾಣುವಂತಿದ್ದರೆ 400 ಡಾಲರ್ ಅನ್ಯಾಯದ ಬೆಲೆಯಲ್ಲ. ಆದರೆ ಎರಡು ವಿಷಯ ನೋಡಿಕೊಳ್ಳಲಿ. ಮೊದಲನೆಯದು ನಕಲು. ಈ ಚಿತ್ರ ಜನಪ್ರಿಯ, ಪ್ರವಾಸಿಗರಿಗೆ ಮಾರುವ ಆಟಿಕೆಯ ಪ್ರತಿಗಳು ಬೇಕಾದಷ್ಟಿವೆ. 1973ರ ಅಮೆರಿಕದ ಕಾನೂನಿನಂತೆ ನಕಲಿನ ಮೇಲೆ 'ಕಾಪಿ' ಎಂದು ಒತ್ತಿರಲೇಬೇಕು, ಆದರೆ ಅದಕ್ಕಿಂತ ಹಿಂದಿನವಕ್ಕೆ ಆ ಗುರುತು ಇರುವುದಿಲ್ಲ, ಉಜ್ಜಿ ತೆಗೆದವೂ ಇವೆ. ಅಂಚಿನ ಸುತ್ತ ಕೂಡುಗೆರೆ ಕಂಡರೆ ಅದು ಎರಕ ಹೊಯ್ದದ್ದು ಅಥವಾ ಎರಡು ತೆಳು ತಗಡು ಸೇರಿಸಿದ್ದು, ಬೇಡ. ಪಿಸಿಜಿಎಸ್ ಅಥವಾ ಎನ್‌ಜಿಸಿ ಎಂಬ ನಾಣ್ಯ ಪರೀಕ್ಷಿಸುವ ಸಂಸ್ಥೆಗಳು ಪರೀಕ್ಷಿಸಿ ಪೆಟ್ಟಿಗೆಯಲ್ಲಿ ಮುದ್ರೆ ಹಾಕಿಕೊಟ್ಟದ್ದಾದರೆ ಐವತ್ತು ಡಾಲರ್ ಹೆಚ್ಚಾದರೂ ಅದನ್ನೇ ಕೊಳ್ಳಲಿ.

ಎರಡನೆಯದು ನಮ್ಮ ಕಡೆಯ ಕಾನೂನು. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಒಮ್ಮೆ ದಾವಣಗೆರೆಗೆ ಬಂದ ಮೇಲೆ ಪರೀಕ್ಷೆಗೆಂದೋ ಮಾರಲೆಂದೋ ಮತ್ತೆ ಅಮೆರಿಕಕ್ಕೆ ಕಳಿಸಹೊರಟರೆ ಪೇಚಿಗೆ ಸಿಕ್ಕಿಕೊಳ್ಳುತ್ತೀರಿ. ಪರೀಕ್ಷೆ, ಮುದ್ರೆ ಎಲ್ಲ ಅಲ್ಲೇ ಮುಗಿಯಲಿ. ಇಟ್ಟುಕೊಳ್ಳುವ ಆಸೆ ಇದ್ದರೆ ಮಾತ್ರ ತರಿಸಿ. ನಾಳೆ ಮಾರುವ ಆಲೋಚನೆ ಇದ್ದರೆ ಅವನ ಲಾಕರಿನಲ್ಲೇ ಇರಲಿ.

ಇನ್ನೊಂದು ಮಾತು, ನಿಮಗಲ್ಲ, ಮೇಳಗಳಲ್ಲಿ ಅಡ್ಡಾಡುವ ಆ ಹುಡುಗನಿಗೆ. ಮಾರಿಸನ ಪಟ್ಟಿಯಲ್ಲಿ 5ರ ಜೊತೆಗೆ 8ರ ತಾಮ್ರವೂ ಇತ್ತೆಂದೆ. ಐದು ಸಿಕ್ಕಿತು, ಎಂಟು ಈವರೆಗೆ ಒಂದೂ ಕಂಡಿಲ್ಲ. ಹಳೆಯ ತಾಮ್ರದ ಡಬ್ಬಿಯಲ್ಲಿ ಕೈಯಾಡಿಸುವಾಗ, ಹಾರದೊಳಗೆ 'ಯು.ಎಸ್.' ಕೆಳಗೆ ಏನಾದರೂ ಇದೆಯೇ ಎಂದು ಪ್ರತಿ ಸಲವೂ ಬೆಳಕಿಗೆ ಹಿಡಿದು ನೋಡಲಿ.